ಕಾಲು ಸುತ್ತು

ಸಖರಾಯಪಟ್ಟಣದಿಂದ ಮೂರು ಮೈಲಿ.
ಅಯ್ಯನಕೆರೆಯ ತೂಬಿನಲ್ಲಿ ಜಿಗಿದು ಹೊರಟ ನೀರು
ನಮ್ಮ ಬೇಲಿ ಮುಟ್ಟುವ ಹೊತ್ತಿಗೆ ಸುಸ್ತಾಗಿರುತ್ತದೆ.
ಕೆಂಪು ಮಣ್ಣು, ಕಾಲಿಗೆ ಚುಚ್ಚುವ ಗರಸು.
"ಬಳ್ಳಿಗೆ ಇಷ್ಟೇ ಸಾಕು,
ಉಂಡು ಮಲಗಿದ್ದು ಏನು ಹಣ್ಣು ಕೊಟ್ಟೀತು"
ಅನ್ನುತ್ತಿದ್ದನಂತೆ ಕಲ್ಮರುಡಪ್ಪ, ನನ್ನಜ್ಜ.

ನೊರೆಯೇಳುವ ವೈನಿನ ಗುಟ್ಟನ್ನು ಅವನಿಗೆ
ಗಿರಿಯ ಮೇಲಿನ ಕಾಫಿ ತೋಟದ ರೈಟರ್
ಲಾದ್ರು ಪೊರ್ಬು ಎರಡು ಪಲ್ಲ ರಾಗಿಗೆ ಮಾರಿದ:
ಸೀಸೆಯೊಳಗೇ ಇನ್ನೊಮ್ಮೆ ಹುದುಗಲು ಬಿಡು.
ತಲೆಕೆಳಗು ಮಾಡಿ ನಿಲ್ಲಿಸು.
ದಿನಾ ಒಂದೊಂದಕ್ಕೂ ಕಾಲು ಸುತ್ತು ಕೊಡು,
ಗಸಿ ಪೂರಾ ಕತ್ತಿಗಿಳಿಯುವ ತನಕ.

ಸಕ್ಕರೆ ಎಷ್ಟು ಅಂತ ಪೊರ್ಬು ಹೇಳಲಿಲ್ಲ,
ಅಥವಾ ಅಜ್ಜ ಕೇಳಲಿಲ್ಲ.
ಮೊದಲ ವರ್ಷ ನೂರರಲ್ಲಿ ಅರವತ್ತು ಒಂದೇ ರಾತ್ರಿ ಸಿಡಿದವು.
ಹಂದಿಗೆ ಯಾರೋ ಮದ್ದಿಟ್ಟರು ಅಂತ
ಊರು ಲಾಟೀನು ಹಿಡಿದು ಬಂತು.
ತೊಟ್ಟಿಲಲ್ಲಿದ್ದ ಅಪ್ಪನ ಹುಬ್ಬಿನಲ್ಲಿ
ಆ ರಾತ್ರಿಯ ಗೀಟು ಇವತ್ತಿಗೂ ಇದೆ,
ಅಲ್ಲಿ ಕೂದಲು ಬರುವುದಿಲ್ಲ.

ಗಾಜು ಗುಡಿಸಿದವಳು ಹಾಲಮ್ಮ, ನನ್ನಜ್ಜಿ.
ಕೊರಳಲ್ಲಿ ಲಿಂಗ; ನಾಲಗೆಗೆ ಹನಿ ಸೋಕಿಸಿದವಳಲ್ಲ.
"ಹೆಪ್ಪು ಜಾಸ್ತಿಯಾಗಿದೆ" ಅಂದಳು, ಅಷ್ಟೇ.
ಮರುವರ್ಷ ಸಕ್ಕರೆ ಅಳೆದದ್ದು
ಅಜ್ಜನ ತಕ್ಕಡಿಯಲ್ಲ, ಅವಳ ಚಟಾಕು.
ಆಮೇಲೆ ಸಂಜೆ ಸಂಜೆ ಸೀಸೆಗೆ ಕಿವಿಗೊಟ್ಟು
ಇದು ಸಿಟ್ಟಲ್ಲಿದೆ, ಇದಕ್ಕೆ ನಿದ್ದೆ ಬಂದಿದೆ,
ಇದೊಂದು ಸುಳ್ಳು ಹೇಳ್ತಿದೆ, ಬೇರೆ ಇಡಿ,
ಅನ್ನುವಳು. ಬೇರೆ ಇಟ್ಟದ್ದು ವಾರದಲ್ಲಿ ಒಡೆಯುತ್ತಿತ್ತು.
ಅಜ್ಜ ಹೋದ ದಿನ ಕಾಲುಂಗುರ ತೆಗೆದಿಟ್ಟಳು,
ಕಾಲು ಸುತ್ತು ಬಿಡಲಿಲ್ಲ.
ಹೆಣದ ಮುಂದಿನ ಜನವೆಲ್ಲ ಹುಡುಕಿದರೆ
ನೆಲಮಾಳಿಗೆಯಲ್ಲಿ ಒಬ್ಬಳೇ ತಿರುವುತ್ತಿದ್ದಳಂತೆ,
ನೂರಾ ಹನ್ನೊಂದನೆಯದು.

ಅಪ್ಪ, ಷಡಕ್ಷರಿ, ಔಷಧಿಯಂಗಡಿ ಪಟ್ಟಿ ಹರಿದದ್ದು
ಯಾವ ಸಭೆಯಲ್ಲಿ ಭಾಷಣ ಕೇಳಿಯೂ ಅಲ್ಲ.
ಹಿಂಡಿದ ಸಿಪ್ಪೆ ಹಾಕಿದರೆ ಎಮ್ಮೆ ಮೂಸಿ
ಮುಸುಡಿ ಆಚೆಗೆ ತಿರುಗಿಸಿತು.
"ಎಮ್ಮೆ ಬೇಡ ಅಂದದ್ದನ್ನು
ಮನುಷ್ಯರಿಗೆ ಹೇಗೋ ಕೊಡ್ತೀ?"
ಮೂರು ವರ್ಷ ಬೂದಿರೋಗ ಗೊಂಚಲು ತಿಂದಿತು.
ಸಾಲಗಾರರಿಗಿಂತ ಹೆಚ್ಚು ನೆಂಟರು ನಕ್ಕರು.
ಅಪ್ಪ ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಹಾಕಿದ,
ಹುಳಿಮಜ್ಜಿಗೆ ಸೋಸಿ ಎಲೆಗೆ ಎರಚಿದ;
ತೋಟವಿಡೀ ಅಡುಗೆಮನೆ ವಾಸನೆ.
ನಾಲ್ಕನೆಯ ಮಾಘಕ್ಕೆ ಕಂಬದ ಸಂದಿನಲ್ಲಿ ಕೋಲುಜೇನು ಕಟ್ಟಿತು.
ಎಮ್ಮೆ ಸಿಪ್ಪೆ ತಿಂದು ಬಾಂಡ್ಲಿ ನೆಕ್ಕಿತು.

ಈಗ ತಿರುವುವಳು ನಾನು.
ಎರಡು ಸಾವಿರದ ನಾನೂರು ಸೀಸೆ,
ಒಂದೊಂದರ ಅಡಿಗೂ ಸುಣ್ಣದ ಬೊಟ್ಟು,
ಬೊಟ್ಟು ಎಲ್ಲಿತ್ತೋ ಅಲ್ಲಿಂದ ಕಾಲು ಸುತ್ತು.
ಸಿಹಿ ಏರುವ ಮುಂಚೆ, ಹುಳಿ ಮುರಿಯುವ ಮುಂಚೆ,
ಇಬ್ಬನಿ ಇರುವಾಗಲೇ ಕೊಯ್ದ ಹಣ್ಣು
ಕತ್ತಲಲ್ಲಿ ಮೂರು ವರ್ಷ ಏನು ಯೋಚಿಸುತ್ತದೋ.
ನನಗೆ ಕೇಳಿಸುವುದಿಲ್ಲ.
ಮೀಟರಿದೆ ನನ್ನ ಹತ್ತಿರ, ಮುಳ್ಳು ಸರಿಯಾಗಿಯೇ ತೋರಿಸುತ್ತದೆ.

ಹೋದ ಮಳೆಗಾಲ ಅಜ್ಜಿಗೆ ಕಿವಿ ಪೂರಾ ಹೋಯಿತು.
ಸೀಸೆ ಒಯ್ದು ಹಿಡಿದೆ. ಬಹಳ ಹೊತ್ತು ಇಟ್ಟುಕೊಂಡಳು.
"ಸತ್ತಿದೆಯೇನೇ ಇದು?" ಅಂದಳು, ಊರಿಗೆಲ್ಲ ಕೇಳುವಂತೆ.
ಕತ್ತು ಬಿಚ್ಚಿದೆ. ಗಸಿ ಠಪ್ಪೆಂದು ಹಾರಿ
ಬಚ್ಚಲ ಗೋಡೆಗೆ ಬಡಿಯಿತು.
ಲೋಟಕ್ಕೆ ಬಗ್ಗಿಸಿ ಅವಳ ಮುಖದ ಹತ್ತಿರ ತಂದೆ,
ನೋಡಲಿ ಅಂತ ಮಾತ್ರ.
ಕೆಳಗಿಂದ ಸಾಲುಸಾಲು ಎದ್ದು ಬಂದವು,
ಬಾಯಿಯಲ್ಲಿ ಒಡೆದು ಸಣ್ಣಗೆ ಸಿಡಿದವು
ಅವಳ ಮೂಗಿಗೆ, ಮೇಲ್ದುಟಿಯ ಸುಕ್ಕಿಗೆ.
ಕಣ್ಣು ಮುಚ್ಚಿದಳು.
ಸೆರಗು ಮೇಲೆ ಬಂತು, ಅರ್ಧದಲ್ಲಿ ನಿಂತಿತು.
ನಾನು ಕಿಟಕಿಯ ಕಡೆ ತಿರುಗಿ
ಶಕುನಗಿರಿಯನ್ನೇ ನೋಡಿದೆ, ಸ್ವಲ್ಪ ಹೆಚ್ಚೇ ಹೊತ್ತು.

"ಇನ್ನೊಂದು ವರ್ಷ ಬಿಡು."

ಬಿಚ್ಚಿದ್ದನ್ನು ಏನು ಮಾಡಲಿ, ಕೈಸನ್ನೆಯಲ್ಲಿ ಕೇಳಿದೆ.
"ನಿಮ್ಮಪ್ಪನಿಗೆ ಕೊಡು,
ಅವನಿಗೆ ತೊಟ್ಟಿಲಿಂದಲೂ ಅವಸರ."